ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಿಂತುಹೋಗುವ ಕಾಯಿಲೆ

ಹೃದಯದ ಲಯ ತಪ್ಪುವ ಕಾಯಿಲೆಗಳನ್ನು ಹಿಡಿಯುವುದು ಯಾಕೆ ಇಷ್ಟು ಕಷ್ಟ ಅಂತ ಕೇಳಿದರೆ ಉತ್ತರ ಸರಳ. ಬೇಕಾದಾಗ ಅವು ಇರುವುದಿಲ್ಲ. ಮೂಳೆ ಮುರಿದಿದ್ದರೆ ನಾಳೆ ಎಕ್ಸ್‌ರೇ ತೆಗೆದರೂ ಕಾಣುತ್ತದೆ. ರಕ್ತನಾಳ ಕಟ್ಟಿದ್ದರೆ ಆಂಜಿಯೋಗ್ರಾಮ್‌ನಲ್ಲಿ ಸಿಗುತ್ತದೆ. ಆದರೆ ಬೆಳಿಗ್ಗೆ ಎಂಟು ಗಂಟೆಗೆ ನಿಮಿಷಕ್ಕೆ 180 ಸಲ ಬಡಿದ ಹೃದಯ, ಬಸ್ಸು ಹಿಡಿದು ಡಾಕ್ಟರ ಹತ್ತಿರ ಹೋಗಿ ಕೂರುವಷ್ಟರಲ್ಲಿ 76ಕ್ಕೆ ಇಳಿದು ಸುಮ್ಮನಾಗಿರುತ್ತದೆ. ಇಸಿಜಿ ನಾರ್ಮಲ್. ಎಕೋ ನಾರ್ಮಲ್. ಚೀಟಿಯಲ್ಲಿ ಗ್ಯಾಸಿನ ಮಾತ್ರೆ.

ನಮ್ಮ ಕರಾವಳಿಯಲ್ಲಿ ಎಷ್ಟು ಹೆಂಗಸರು ಹೀಗೆ ವರ್ಷಗಟ್ಟಲೆ ಗ್ಯಾಸಿನ ಮಾತ್ರೆ ನುಂಗಿದ್ದಾರೋ. ಕಾಪು ಕಡೆ ಇರುವ ನನ್ನ ಚಿಕ್ಕಮ್ಮನೂ ಅವರಲ್ಲಿ ಒಬ್ಬರು. ಬೀಡಿ ಕಟ್ಟಿ ಸಂಸಾರ ನಡೆಸಿದವರು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಕೂತರೆ ಮಾತಾಡುತ್ತಲೇ ಬೆರಳು ಓಡುತ್ತಿತ್ತು. ಅಂಗಳ ಗುಡಿಸಲು ಬಗ್ಗಿದಾಗ, ಬಾವಿಯಿಂದ ಕೊಡ ಎತ್ತಿದಾಗ ಅವರಿಗೆ ಒಮ್ಮೆಲೇ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ನಿಧಾನಕ್ಕೆ ಏರುವುದಲ್ಲ, ಸ್ವಿಚ್ ಹಾಕಿದಂತೆ. ನಿಲ್ಲುವುದೂ ಹಾಗೇ. "ಎದೆಯಲ್ಲಿ ಅಲ್ಲ ಮಾರಾಯ್ತಿ, ಕುತ್ತಿಗೆಯಲ್ಲಿ ಹೊಡ್ಕೊಳ್ತದೆ" ಅಂತ ಎರಡು ಬೆರಳನ್ನು ಗಂಟಲ ಬದಿಗೆ ಒತ್ತಿ ತೋರಿಸುತ್ತಿದ್ದರು. ಅದು ನಿಂತ ಮೇಲೆ ಎರಡು ಮೂರು ಸಲ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ಈ ಕೊನೆಯ ಮಾತನ್ನು ಅವರು ಡಾಕ್ಟರ ಹತ್ತಿರ ಹೇಳಲು ನಾಚಿಕೊಳ್ಳುತ್ತಿದ್ದರು. ಹೇಳಿದ ದಿನವೂ ಯಾರೂ ಬರೆದುಕೊಳ್ಳಲಿಲ್ಲ.

ಒಂದು ಕ್ಲಿನಿಕ್‌ನಲ್ಲಿ ಟೆನ್ಷನ್ ಅಂದರು. ಇನ್ನೊಂದರಲ್ಲಿ ಮುಟ್ಟು ನಿಲ್ಲುವ ವಯಸ್ಸು, ಹಾಗೆಲ್ಲ ಆಗ್ತದೆ ಅಂದರು. ಮತ್ತೊಂದರಲ್ಲಿ ನಿದ್ದೆ ಬರಿಸುವ ಮಾತ್ರೆ ಕೊಟ್ಟರು.

ಈಗ ಓದಿಕೊಂಡ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಚಿಕ್ಕಮ್ಮ ಹೇಳುತ್ತಿದ್ದ ಒಂದೊಂದು ಮಾತೂ ರೋಗದ ಗುರುತೇ ಆಗಿತ್ತು. ಹೃದಯದಲ್ಲಿ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟ್ ದಾಟಿಸುವ ಒಂದು ಗಂಟು ಇದೆ. ಜಪಾನಿನ ಸುನಾವೋ ತವಾರಾ 1906ರಲ್ಲಿ ಅದನ್ನು ವಿವರಿಸಿದರು. ಎವಿ ನೋಡ್ ಅಂತ ಹೆಸರು. ಕೆಲವರಿಗೆ ಅಲ್ಲಿ ಒಂದರ ಬದಲು ಎರಡು ದಾರಿ ಇರುತ್ತದೆ, ಒಂದು ವೇಗದ್ದು, ಇನ್ನೊಂದು ನಿಧಾನದ್ದು. ಸರಿಯಾದ ಕ್ಷಣದಲ್ಲಿ ಒಂದು ಹೆಚ್ಚುವರಿ ಬಡಿತ ಬಿದ್ದರೆ ಸಾಕು. ಕರೆಂಟ್ ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಸುತ್ತತೊಡಗುತ್ತದೆ. ಒಂದು ಸುತ್ತಿಗೆ ಒಂದು ಬಡಿತ. ಅದಕ್ಕೇ ಅಷ್ಟು ವೇಗ, ಅದಕ್ಕೇ ಸ್ವಿಚ್ ಹಾಕಿದಂತೆ ಶುರು. ಬಗ್ಗಿದಾಗ ಶುರುವಾಗುವುದು ಇದರಲ್ಲಿ ಮಾಮೂಲಿ. ಮೇಲಿನ ಮತ್ತು ಕೆಳಗಿನ ಕೋಣೆಗಳು ಒಟ್ಟಿಗೇ ಹಿಂಡುವುದರಿಂದ ಮೇಲಿನ ಕೋಣೆಯ ರಕ್ತಕ್ಕೆ ಕೆಳಗೆ ಹೋಗಲು ಬಾಗಿಲು ತೆರೆದಿರುವುದಿಲ್ಲ. ಅದು ಕುತ್ತಿಗೆಯ ರಕ್ತನಾಳಕ್ಕೇ ವಾಪಸ್ ನುಗ್ಗುತ್ತದೆ. ಚಿಕ್ಕಮ್ಮನ ಎರಡು ಬೆರಳು ತೋರಿಸುತ್ತಿದ್ದದ್ದು ಇದನ್ನೇ. ಕೋಣೆ ಹಿಗ್ಗಿದಾಗ ಹೃದಯವೇ ಒಂದು ಹಾರ್ಮೋನ್ ಬಿಡುತ್ತದೆ, ಅದರಿಂದ ಮೂತ್ರ ಜಾಸ್ತಿ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಇದನ್ನು ಆತಂಕ, ಪ್ಯಾನಿಕ್ ಅಂತ ತಪ್ಪಾಗಿ ಗುರುತಿಸುವುದೂ ಹೆಂಗಸರಲ್ಲೇ ಜಾಸ್ತಿ.

ಕೊನೆಗೆ ಸಿಕ್ಕಿದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಎದೆ ಹೊಡೆದುಕೊಳ್ಳುತ್ತಿರುವಾಗಲೇ ಆಟೋದಲ್ಲಿ ಕರೆದುಕೊಂಡು ಹೋದೆವು. ನರ್ಸ್ ಏನೂ ಕೇಳದೆ ಮೊದಲು ಮಲಗಿಸಿ ಇಸಿಜಿ ಹಚ್ಚಿದರು. ಆ ಕಾಗದವನ್ನು ನಾನು ಈಗಲೂ ತೆಗೆದು ನೋಡುತ್ತೇನೆ. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಚಿಕ್ಕ ಚೌಕ ಅಂದರೆ 0.04 ಸೆಕೆಂಡ್. ಮಾಮೂಲಿ ಹೃದಯದಲ್ಲಿ ಒಂದು ಮೊನೆಯಿಂದ ಇನ್ನೊಂದಕ್ಕೆ ಇಪ್ಪತ್ತರ ಆಸುಪಾಸು ಚೌಕ ಇರಬೇಕು. ಚಿಕ್ಕಮ್ಮನ ಕಾಗದದಲ್ಲಿ ಎಂಟೂವರೆ. ಸಣ್ಣ ಮೊನಚಾದ ಗೆರೆಗಳು, ಒಂದರ ಪಕ್ಕ ಒಂದು, ಒಂಚೂರೂ ಹೆಚ್ಚುಕಡಿಮೆ ಇಲ್ಲದ ಅಂತರದಲ್ಲಿ.

ಡಾಕ್ಟರ್ ಅದರ ಫೋಟೋ ತೆಗೆದು ಮಂಗಳೂರಿನ ಹೃದಯ ತಜ್ಞರಿಗೆ ಕಳಿಸಿದರು. ಉತ್ತರ ಬರುವ ಮೊದಲೇ ಒಂದು 10 ಎಂಎಲ್ ಸಿರಿಂಜ್ ತಂದು ಚಿಕ್ಕಮ್ಮನ ಕೈಗೆ ಕೊಟ್ಟು, ಒಳಗಿನ ದಂಡ (ಪ್ಲಂಜರ್) ಜರುಗುವ ಹಾಗೆ ಊದಿ ಅಂದರು. ಹದಿನೈದು ಸೆಕೆಂಡ್ ಊದಿದ ಕೂಡಲೇ ಹಿಂದಕ್ಕೆ ಮಲಗಿಸಿ ಎರಡೂ ಕಾಲು ಮೇಲಕ್ಕೆತ್ತಿ ಹಿಡಿದರು. ಮಾನಿಟರಿನಲ್ಲಿ ಗೆರೆ ಒಂದು ಕ್ಷಣ ಸಪಾಟಾಯಿತು. ಆಮೇಲೆ ಒಂದು ಬಡಿತ. ಇನ್ನೊಂದು. ಆರಾಮವಾಗಿ, ದೂರ ದೂರ. ಚಿಕ್ಕಮ್ಮ "ನಿಂತಿತು" ಅಂದರು.

ಸೂಜಿ ಇಲ್ಲ, ಔಷಧ ಇಲ್ಲ. ಇದು ಮಂತ್ರವೂ ಅಲ್ಲ. ಊದುವಾಗ ಎದೆಯೊಳಗೆ ಒತ್ತಡ ಏರುತ್ತದೆ. ಬಿಟ್ಟು ಮಲಗಿ ಕಾಲೆತ್ತಿದಾಗ ರಕ್ತ ಒಮ್ಮೆಲೇ ಹೃದಯಕ್ಕೆ ವಾಪಸ್ ಬರುತ್ತದೆ. ಆಗ ವೇಗಸ್ ಎಂಬ ನರ ಜೋರಾಗಿ ಬ್ರೇಕ್ ಹಾಕುತ್ತದೆ. ಎವಿ ನೋಡ್ ಒಂದು ಕ್ಷಣ ಕರೆಂಟ್ ಬಿಡುವುದಿಲ್ಲ, ಸುತ್ತು ಕಡಿಯುತ್ತದೆ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಗ್ಲೆಂಡಿನ 428 ರೋಗಿಗಳ ಅಧ್ಯಯನ ಬಂತು. ಸುಮ್ಮನೆ ಕೂತು ಊದಿದವರಲ್ಲಿ ಶೇ. 17 ಮಂದಿಗೆ ಲಯ ಸರಿಹೋಗಿತ್ತು. ಊದಿ, ಮಲಗಿ, ಕಾಲೆತ್ತಿಸಿಕೊಂಡವರಲ್ಲಿ ಶೇ. 43. ಕಾಲೆತ್ತುವುದಕ್ಕೆ ಖರ್ಚೇನೂ ಇಲ್ಲವಲ್ಲ. ಇಂಥ ಸಂಶೋಧನೆಯನ್ನು ನಾವು ಇನ್ನೂ ಜಾಸ್ತಿ ಕೊಂಡಾಡಬೇಕು ಅಂತ ನನಗನಿಸುತ್ತದೆ. ಒಂದು ಎಚ್ಚರಿಕೆ: ಮೊದಲ ಸಲ ಇದನ್ನು ಡಾಕ್ಟರ ಎದುರಿಗೇ, ಇಸಿಜಿ ನೋಡಿಕೊಂಡೇ ಮಾಡಬೇಕು. ಎಲ್ಲ ವೇಗದ ಬಡಿತವೂ ಇದೇ ಆಗಿರುವುದಿಲ್ಲ.

ಆ ದಿನ ಫೋಟೋ ಮಂಗಳೂರಿಗೆ ಹೋದದ್ದು ಸಣ್ಣ ವಿಷಯ ಅಲ್ಲ. ನಮ್ಮ ಕಡೆ ಇದಕ್ಕೊಂದು ದಾರಿ ಮಾಡಿಕೊಟ್ಟವರು ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್. 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಅಂತ ಅವರು ಶುರು ಮಾಡಿದ ಕೆಲಸದಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಹೋಯಿತು. ಅಲ್ಲಿನ ಡಾಕ್ಟರುಗಳು ಇಸಿಜಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ತಜ್ಞರು ನೋಡಿ ಹೇಳುತ್ತಾರೆ. ಕರಾವಳಿ, ಮಲೆನಾಡಿನ ಊರುಗಳಿಂದ ಹೀಗೆ ಹೃದಯಾಘಾತಗಳು ಹೊತ್ತಿಗೆ ಸರಿಯಾಗಿ ಸಿಕ್ಕಿವೆ. ಹೃದಯಾಘಾತಕ್ಕೆ ಅಂತ ಹೋದ ಯಂತ್ರ ಲಯದ ಕಾಯಿಲೆಗೂ ಆಗುತ್ತದೆ.

ದೂರಕ್ಕೆ ಇಸಿಜಿ ಕಳಿಸುವ ಯೋಚನೆ ಇಸಿಜಿಯಷ್ಟೇ ಹಳತು. ಹಾಲೆಂಡಿನ ವಿಲ್ಲೆಮ್ ಐಂತೋವನ್ ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ಅದನ್ನು ನಡೆಸಲು ಐದು ಜನ ಬೇಕಿತ್ತು. ರೋಗಿ ಕೈಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಲಾಗದ ಕಾರಣ 1905ರಲ್ಲಿ ಅವರು ಲೈಡನ್ ಊರಿನ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಲ್ಯಾಬಿಗೆ ಟೆಲಿಫೋನ್ ತಂತಿಯಲ್ಲಿ ಹೃದಯದ ಸದ್ದಿಲ್ಲದ ಕರೆಂಟನ್ನು ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ಅಮೆರಿಕದ ಮೊಂಟಾನಾದಲ್ಲಿ ನಾರ್ಮನ್ ಹೋಲ್ಟರ್ ಬಂದರು. ರೋಗಿ ಓಡಾಡುವಾಗಲೇ ಇಸಿಜಿ ಸಿಗಬೇಕು ಅನ್ನುವುದು ಅವರ ಹಟ. ಅವರ ಮೊದಲ ಯಂತ್ರ ಬೆನ್ನಿಗೆ ಹೊರುವ ಸುಮಾರು 38 ಕಿಲೋದ ಮೂಟೆ. ಈಗ ಡಾಕ್ಟರು "ಹೋಲ್ಟರ್ ಹಾಕಿಸಿ" ಅನ್ನುವುದು ಅವರ ಹೆಸರಿನಲ್ಲೇ. ಸೊಂಟಕ್ಕೆ ಸಿಕ್ಕಿಸುವ ಸಣ್ಣ ಪೆಟ್ಟಿಗೆ. ಎದೆಗೆ ಅಂಟಿಸುವ ಪ್ಯಾಚ್‌ಗಳೂ ಬಂದಿವೆ. 30 ಸೆಕೆಂಡಿನ ಇಸಿಜಿ ಬರೆಯುವ ಕೈಗಡಿಯಾರಗಳೂ ಇವೆ. ನೂರು ವರ್ಷಕ್ಕೂ ಹೆಚ್ಚಿನ ಈ ಎಲ್ಲ ಪ್ರಯತ್ನ ಒಂದೇ ಕಡೆಗೆ: ಅದು ಆಗುತ್ತಿರುವಾಗಲೇ ಹಿಡಿಯಬೇಕು.

ಆದರೆ ಹಿಡಿದರೆ ಸಾಕಾ? ಇಸಿಜಿ ಲಯ ಏನು ಅಂತ ಹೇಳುತ್ತದೆ. ಹೃದಯದ ಯಾವ ಮೂಲೆಯಿಂದ ಅದು ಹುಟ್ಟುತ್ತಿದೆ ಅನ್ನುವುದನ್ನು ಅಂದಾಜಿಗೆ ಮಾತ್ರ ಹೇಳುತ್ತದೆ. 12 ಲೀಡ್ ಅಂತ ಹೆಸರಿದ್ದರೂ ಮೈಗೆ ಅಂಟಿಸುವುದು ಹತ್ತು ಕಡೆ ಅಷ್ಟೇ. ಜಾಗ ಗೊತ್ತಾಗಬೇಕಾದರೆ ತೊಡೆಯ ಸಂದಿನ ರಕ್ತನಾಳದಿಂದ ತಂತಿ ಹಾಕಿ, ಹೃದಯದ ಒಳಗೋಡೆಯನ್ನು ಬಿಂದು ಬಿಂದುವಾಗಿ ಮುಟ್ಟಿ ನಕ್ಷೆ ಮಾಡಬೇಕಿತ್ತು.

ಹೊರಗಿನಿಂದಲೇ ಆ ನಕ್ಷೆ ಬರೆಯಬಹುದಾ ಅಂತ ಯೋರಾಮ್ ರೂಡಿ ಎಂಬ ವಿಜ್ಞಾನಿ ದಶಕಗಟ್ಟಲೆ ತಲೆ ಕೆಡಿಸಿಕೊಂಡರು. ರೋಗಿಗೆ ಸುಮಾರು 250 ಎಲೆಕ್ಟ್ರೋಡ್ (ಕರೆಂಟ್ ಅಳೆಯುವ ಬಿಲ್ಲೆ) ಇರುವ ಒಂದು ಬನಿಯನ್ ತೊಡಿಸುತ್ತಾರೆ, ಎದೆಗೂ ಬೆನ್ನಿಗೂ. ಹಾಗೆಯೇ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಈ ಮನುಷ್ಯನ ಹೃದಯ ಎಲ್ಲಿದೆ, ಯಾವ ಆಕಾರ, ಪ್ರತಿ ಎಲೆಕ್ಟ್ರೋಡಿಗೂ ಅದಕ್ಕೂ ಎಷ್ಟು ದೂರ, ಎಲ್ಲ ಸಿಗುತ್ತದೆ. ಆಮೇಲೆ ಲೆಕ್ಕ. ಚರ್ಮದ ಮೇಲೆ ಇಷ್ಟು ಕರೆಂಟ್ ಕಾಣಬೇಕಾದರೆ ಹೃದಯದ ಮೇಲ್ಮೈಯಲ್ಲಿ ಏನು ನಡೆದಿರಬೇಕು? ಇದಕ್ಕೆ ಇಸಿಜಿ ಇಮೇಜಿಂಗ್ ಅಂತ ಹೆಸರು, ಚಿಕ್ಕದಾಗಿ ಇಸಿಜಿಐ. 2004ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ರೂಡಿ ಮತ್ತು ಜೊತೆಗಾರರು ಮನುಷ್ಯರ ಹೃದಯದ ಇಂಥ ಚಿತ್ರಗಳನ್ನು ತೋರಿಸಿದರು.

ಕಾರಣದಿಂದ ಪರಿಣಾಮ ಹೇಳುವುದು ಸುಲಭ. ಪರಿಣಾಮ ನೋಡಿ ಕಾರಣಕ್ಕೆ ಹೋಗುವುದು ಕಷ್ಟ. ಕಾಪುವಿನ ಕಡಲತೀರದಲ್ಲಿ, ದಡಕ್ಕೆ ಬಲೆ ಎಳೆದು ಮೀನು ಹಿಡಿಯುವ ಕೈರಂಪಣಿಯವರು ದಡದಲ್ಲೇ ನಿಂತು, ನೀರಿನ ಬಣ್ಣ, ಹಕ್ಕಿ ಎರಗುವ ಜಾಗ ನೋಡಿ ಮೀನಿನ ಹಿಂಡು ಎಲ್ಲಿದೆ ಅಂತ ಹೇಳುತ್ತಾರೆ. ಆದರೆ ಅದೇ ಬಣ್ಣ ಬೇರೆ ಕಾರಣಕ್ಕೂ ಬಂದಿರಬಹುದು. ಇಲ್ಲೂ ಹಾಗೇ. ಚರ್ಮದ ಮೇಲಿನ ಒಂದೇ ಚಿತ್ರಕ್ಕೆ ಒಳಗೆ ಹಲವು ಕಾರಣ ಹೊಂದುತ್ತವೆ. ಅಳತೆಯಲ್ಲಿ ಒಂಚೂರು ತಪ್ಪಿದರೂ ಉತ್ತರ ಎಲ್ಲೋ ಹಾರಿಹೋಗುತ್ತದೆ. ಅದಕ್ಕೆ ಗಣಿತದವರು ಕಡಿವಾಣ ಹಾಕುತ್ತಾರೆ: ಹೃದಯದಲ್ಲಿ ಹೀಗಿರಲು ಸಾಧ್ಯ, ಹೀಗಿರಲು ಸಾಧ್ಯವಿಲ್ಲ ಅಂತ. ಆ ಕಡಿವಾಣದಿಂದ ಚಿತ್ರ ಸ್ಥಿರವಾಗುತ್ತದೆ, ಸ್ವಲ್ಪ ಮಬ್ಬೂ ಆಗುತ್ತದೆ. ಹೃದಯದ ಎರಡು ಬದಿಯನ್ನು ಬೇರೆ ಮಾಡುವ ನಡುಗೋಡೆ ಅದಕ್ಕೆ ನೇರವಾಗಿ ಕಾಣುವುದಿಲ್ಲ. 2019ರಲ್ಲಿ ಫ್ರಾನ್ಸಿನ ಬೋರ್ಡೋ ಊರಿನ ತಂಡ ಈ ಚಿತ್ರಗಳನ್ನು ಹೃದಯವನ್ನು ಮುಟ್ಟಿ ಮಾಡಿದ ನಕ್ಷೆಗಳ ಜೊತೆ ಹೋಲಿಸಿತು. ಹೊಂದಿಕೆ ನಿರೀಕ್ಷಿಸಿದಷ್ಟು ಇರಲಿಲ್ಲ. ಕೆಲವು ಬಗೆಯ ಬಡಿತಗಳಲ್ಲಿ ವಾಸಿ, ಕೆಲವದರಲ್ಲಿ ಕಳಪೆ. ಬಣ್ಣಬಣ್ಣದ ಹೃದಯ ಪರದೆ ಮೇಲೆ ತಿರುಗುವುದನ್ನು ನೋಡಿದರೆ ಅದು ಫೋಟೋ ಅಂತಲೇ ಅನಿಸುತ್ತದೆ. ಅದು ಒಂದು ಲೆಕ್ಕದ ಉತ್ತರ. ಈ ವಿಷಯವನ್ನು ರೋಗಿಗಳಿಗೂ ಹೇಳಬೇಕು.

ಇಷ್ಟಾದರೂ ಈ ಬನಿಯನ್ ಒಂದು ಕೆಲಸ ಮಾಡಿತು. ಅದನ್ನು ಓದಿದಾಗ ನನಗೆ ಮೈ ಜುಂ ಅಂದದ್ದು ನಿಜ.

ಹೃದಯಾಘಾತ ಆಗಿ ಗಾಯದ ಕಲೆ ಉಳಿದ ಹೃದಯದಲ್ಲಿ ಕೆಳಗಿನ ಕೋಣೆಯಿಂದಲೇ ಅಪಾಯದ ಲಯ ಹುಟ್ಟುತ್ತದೆ. ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ವಿಟಿ ಅಂತಾರೆ. ಚಿಕ್ಕಮ್ಮನದು ಜೀವ ತೆಗೆಯುವಂಥದ್ದಲ್ಲ, ಇದು ತೆಗೆಯುವಂಥದ್ದು. ಇಂಥವರ ಎದೆಯಲ್ಲಿ ಐಸಿಡಿ ಎಂಬ ಯಂತ್ರ ಇಟ್ಟಿರುತ್ತಾರೆ. ವಿಟಿ ಬಂದಾಗ ಅದು ಒಳಗಿನಿಂದಲೇ ಶಾಕ್ ಕೊಟ್ಟು ಉಳಿಸುತ್ತದೆ. ಉಳಿಸುತ್ತದೆ ನಿಜ, ಆದರೆ ಎಚ್ಚರ ಇರುವಾಗ ಎದೆಗೆ ಒದ್ದಂತೆ ಬೀಳುವ ಶಾಕ್ ಅದು. ಮತ್ತೆ ಮತ್ತೆ ಬಿದ್ದರೆ ಮನುಷ್ಯ ಮುಂದಿನದಕ್ಕೆ ಹೆದರಿಕೊಂಡೇ ಬದುಕುತ್ತಾನೆ.

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೃದಯದ ಡಾಕ್ಟರ್ ಫಿಲಿಪ್ ಕುಕುಲಿಚ್ ಮತ್ತು ಕ್ಯಾನ್ಸರ್ ರೇಡಿಯೇಷನ್ ಡಾಕ್ಟರ್ ಕ್ಲಿಫರ್ಡ್ ರಾಬಿನ್ಸನ್ ಸೇರಿ ಇಂಥ ಐದು ರೋಗಿಗಳಿಗೆ ಚಿಕಿತ್ಸೆ ಮಾಡಿದರು. ಬೇರೆ ದಾರಿಗಳೆಲ್ಲ ಮುಗಿದವರು ಅಥವಾ ತಂತಿ ಹಾಕಲು ಆಗದವರು. ಮೊದಲು ಬನಿಯನ್ ತೊಡಿಸಿದರು. ಆಮೇಲೆ ಎದೆಯಲ್ಲಿದ್ದ ಐಸಿಡಿಗೇ ಹೊರಗಿನಿಂದ ಆಜ್ಞೆ ಕೊಟ್ಟು ವಿಟಿಯನ್ನು ಬೇಕೆಂದೇ ಬರಿಸಿದರು. ಅದು ನಡೆಯುತ್ತಿರುವಾಗಲೇ ಎಲ್ಲಿಂದ ಹೊರಡುತ್ತಿದೆ ಅಂತ ಹಿಡಿದರು. ಕಾಯುವ ಗೋಜೇ ಇಲ್ಲ! ಗಾಯದ ಕಲೆ ತೋರಿಸುವ ಸ್ಕ್ಯಾನ್ ಜೊತೆ ಅದನ್ನು ಹೋಲಿಸಿ ಗುರಿ ಗುರುತು ಮಾಡಿದರು. ಆ ಜಾಗಕ್ಕೆ 25 ಗ್ರೇ ರೇಡಿಯೇಷನ್, ಒಂದೇ ಸಲ. ಗ್ರೇ ಅಂದರೆ ರೇಡಿಯೇಷನ್ ಅಳೆಯುವ ಮಾನ. ಮಾಮೂಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ದಿನಕ್ಕೆ ಸುಮಾರು 2 ಗ್ರೇ ಕೊಡುತ್ತಾರೆ ಅಂದರೆ ಅಂದಾಜು ಸಿಗಬಹುದು. ಅರಿವಳಿಕೆ ಇಲ್ಲ, ಒಂದು ಗೀರೂ ಇಲ್ಲ. ಸರಾಸರಿ 14 ನಿಮಿಷ.

2017ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇದು ಬಂತು. ಚಿಕಿತ್ಸೆಗೆ ಮೊದಲಿನ ಮೂರು ತಿಂಗಳಲ್ಲಿ ಐದೂ ಜನರಿಗೆ ಸೇರಿ 6,577 ಸಲ ವಿಟಿ ಬಂದಿತ್ತು. ಚಿಕಿತ್ಸೆ ಆದ ಮೊದಲ ಆರು ವಾರದಲ್ಲಿ 680. ಆಮೇಲೆ ಐವರ ತಿಂಗಳುಗಳನ್ನೂ ಕೂಡಿಸಿದರೆ ಆಗುವ 46 ತಿಂಗಳಲ್ಲಿ ನಾಲ್ಕೇ ನಾಲ್ಕು.

ಹಾಗಂತ ಎಲ್ಲವೂ ಗೆದ್ದಂತೆ ಬರೆಯಲಾರೆ. ಆ ಐವರಲ್ಲಿ 83 ವರ್ಷದ ಒಬ್ಬರು ಮೂರು ವಾರದಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡರು. 2019ರಲ್ಲಿ ಬಂದ ಮುಂದಿನ ಅಧ್ಯಯನದಲ್ಲಿ 19 ಜನ ಇದ್ದರು. ಬಹುಪಾಲು ಜನರಿಗೆ ವಿಟಿ ತುಂಬ ಇಳಿಯಿತು, ಆದರೆ ಪೂರ್ತಿ ನಿಂತೇಹೋಗಲಿಲ್ಲ. ಹೃದಯದ ಹೊದಿಕೆ ಊದುವುದು, ಶ್ವಾಸಕೋಶ ಊದುವುದು ಇಂಥ ತೊಂದರೆಗಳಿವೆ. ಹೃದಯದ ಕೆಳಗೇ ಹೊಟ್ಟೆ, ಹಿಂದೆ ಅನ್ನನಾಳ. ಉಸಿರಾಡಿದರೆ ಗುರಿ ಅಲುಗುತ್ತದೆ, ಬಡಿದರೆ ಅಲುಗುತ್ತದೆ. ಹತ್ತು ಹದಿನೈದು ವರ್ಷದ ನಂತರ ಏನಾದೀತು ಅನ್ನುವುದು ಇನ್ನೂ ಸರಿಯಾಗಿ ಗೊತ್ತಿಲ್ಲ. ಹಾಗಾಗಿ ಇದು ಬೇರೆ ದಾರಿ ಮುಚ್ಚಿದವರಿಗೆ ಮಾತ್ರ.

ಇನ್ನೊಂದು ಸಂಗತಿ ನನ್ನನ್ನು ಇನ್ನೂ ಬಿಟ್ಟಿಲ್ಲ. ರೇಡಿಯೇಷನ್ ಆ ಜಾಗವನ್ನು ಸುಟ್ಟು ಕಲೆ ಮಾಡುತ್ತದೆ, ಅದರಿಂದ ಕರೆಂಟ್ ನಿಲ್ಲುತ್ತದೆ ಅಂತ ಎಲ್ಲರೂ ತಿಳಿದಿದ್ದರು. ಆದರೆ ಕಲೆ ಆಗಲು ತಿಂಗಳುಗಟ್ಟಲೆ ಬೇಕು. ರೋಗಿಗಳಿಗೆ ಕೆಲವೇ ವಾರದಲ್ಲಿ ಗುಣ ಕಂಡಿತ್ತು. 2021ರಲ್ಲಿ ಅದೇ ವಿಶ್ವವಿದ್ಯಾಲಯದ ಸ್ಟೇಸಿ ರೆಂಟ್‌ಶ್ಲರ್ ಅವರ ತಂಡ ಬೇರೆಯೇ ಉತ್ತರ ಕೊಟ್ಟಿತು. ರೇಡಿಯೇಷನ್ ಬಿದ್ದ ಹೃದಯದ ಕೋಶಗಳಲ್ಲಿ ಸೋಡಿಯಂ ದಾಟಿಸುವ ಬಾಗಿಲುಗಳು ಜಾಸ್ತಿಯಾಗಿ, ಕರೆಂಟ್ ಮೊದಲಿಗಿಂತ ವೇಗವಾಗಿ ಹೋಗತೊಡಗುತ್ತದೆ. ವಿಟಿ ಸುತ್ತಲು ನಿಧಾನದ ದಾರಿ ಬೇಕು. ಆ ನಿಧಾನವೇ ಹೋದರೆ ಸುತ್ತು ಬದುಕುವುದಿಲ್ಲ. ಕೊಲ್ಲುವ ಉದ್ದೇಶದಿಂದ ಕೊಟ್ಟದ್ದು ರಿಪೇರಿ ಮಾಡುತ್ತಿರಬಹುದು ಅನ್ನುವುದು ಎಂಥ ಅಚ್ಚರಿ, ಅಲ್ವಾ? ಹಾಗಿದ್ದರೆ ಇನ್ನೂ ಕಡಿಮೆ ರೇಡಿಯೇಷನ್ ಸಾಕಾಗಬಹುದಾ ಅನ್ನುವ ಪ್ರಶ್ನೆಯೂ ಅದರ ಹಿಂದೆಯೇ ಬಂತು.

ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಲೀನಿಯರ್ ಆಕ್ಸಲರೇಟರ್‌ಗಳಿವೆ. ಈ ಹೃದಯದ ಚಿಕಿತ್ಸೆಗೆ ಬೇಕಾದದ್ದೂ ಅದೇ ಜಾತಿಯ ಯಂತ್ರ. ಯಂತ್ರ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಹೃದಯದವರೂ ರೇಡಿಯೇಷನ್ನಿನವರೂ ಒಂದು ಮೇಜಿನಲ್ಲಿ ಕೂತು ಒಬ್ಬನೇ ರೋಗಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಬೇಕು. ಸೇಂಟ್ ಲೂಯಿಸ್‌ನಲ್ಲಿ ನಡೆದದ್ದು ಅದು.

ಚಿಕ್ಕಮ್ಮನ ವಿಷಯಕ್ಕೆ ಬಂದರೆ, ಅವರು ಕೊನೆಗೆ ಆರಿಸಿಕೊಂಡದ್ದು ತಂತಿ ಹಾಕುವ ಚಿಕಿತ್ಸೆಯನ್ನೇ. ಹೊರಗಿನಿಂದ ಮಾಡುವುದೇ ಯಾವಾಗಲೂ ಮೇಲು ಅಂತ ಹಟ ಹಿಡಿಯುವುದು ಸರಿಯಲ್ಲ. ಅವರಂಥ ಕಾಯಿಲೆಯಲ್ಲಿ ಈ ಚಿಕಿತ್ಸೆ, ಅಂದರೆ ಕ್ಯಾತಿಟರ್ ಅಬ್ಲೇಷನ್, ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಪೂರ್ತಿ ಗುಣ ಕೊಡುತ್ತದೆ. ನಿಧಾನದ ದಾರಿಯ ಒಂದು ಸಣ್ಣ ಜಾಗವನ್ನು ಬಿಸಿ ಮಾಡಿ ಮುಚ್ಚುತ್ತಾರೆ. ತೊಡೆಯಲ್ಲಿ ಸೂಜಿ ತೂತು ಅಷ್ಟೇ, ಹೊಲಿಗೆ ಇಲ್ಲ. ಅವರಿಗೆ ಬೇಕಾದದ್ದು ಸಿರಿಂಜ್ ಊದುತ್ತಾ ಬದುಕುವುದಲ್ಲ, ಹೆದರಿಕೆ ಇಲ್ಲದೆ ಬಗ್ಗಿ ಗುಡಿಸುವುದು. ಆದರೆ ಆ ಚಿಕಿತ್ಸೆಯ ಮೇಜಿನವರೆಗೆ ಅವರನ್ನು ಮುಟ್ಟಿಸಿದ್ದು ಮೈಮೇಲೆ ಅಂಟಿಸಿ ತೆಗೆದ ಒಂದು ಕಾಗದ. ಅದಿಲ್ಲದಿದ್ದರೆ ಯಾವ ತಜ್ಞರೂ ತಂತಿ ಹಾಕುತ್ತಿರಲಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ರಾಜ್ಯದ ಆಸ್ಪತ್ರೆಗಳ ಮುಂದೆ ಇಸಿಜಿಗೆ ಸಾಲು ನಿಂತದ್ದು ನೆನಪಿರಬಹುದು. ಆ ಹೆದರಿಕೆಯಿಂದ ಒಳ್ಳೆಯದೂ ಆಯಿತು. ಹೃದಯಾಘಾತವನ್ನು ಬೇಗ ಹಿಡಿಯಲು ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ಆದರೆ ಆರಾಮವಾಗಿರುವಾಗ ತೆಗೆಸಿದ ನಾರ್ಮಲ್ ಇಸಿಜಿ ಲಯದ ಕಾಯಿಲೆ ಇಲ್ಲ ಅಂತ ಸಾಬೀತು ಮಾಡುವುದಿಲ್ಲ. ಇದೊಂದು ಮಾತು ಮನೆಮನೆಗೆ ಮುಟ್ಟಬೇಕು ಅನ್ನುವುದು ನನ್ನ ಆಸೆ.

ಆದ್ದರಿಂದ ಬಡಿತ ಏರಿದಾಗ ನಿಮ್ಮ ಡಾಕ್ಟರ್ ದೂರ ಇದ್ದರೆ ಅವರನ್ನೇ ಕಾಯಬೇಡಿ. ಇಸಿಜಿ ಯಂತ್ರ ಇರುವ ಹತ್ತಿರದ ಜಾಗಕ್ಕೆ ಹೋಗಿ, ಸಣ್ಣ ಕೇಂದ್ರವಾದರೂ ಪರವಾಗಿಲ್ಲ. ತಲೆ ತಿರುಗಿ ಬಿದ್ದರೆ, ಎದೆ ನೋವು, ಉಸಿರು ಕಟ್ಟುವುದು ಇದ್ದರೆ ಯೋಚನೆಯೇ ಬೇಡ, 108ಕ್ಕೆ ಫೋನ್ ಮಾಡಿ. ವಯಸ್ಸಾದವರ ನಾಡಿ ಹಿಡಿದು ನೋಡಿ. ಯಾವ ಲೆಕ್ಕಕ್ಕೂ ಸಿಗದೆ ಅಡ್ಡಾದಿಡ್ಡಿ ಬಡಿಯುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಅದರಿಂದ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಏರುತ್ತದೆ. ಬಡಿತ ಹೇಗೆ ಶುರುವಾಯಿತು, ಹೇಗೆ ನಿಂತಿತು, ಕುತ್ತಿಗೆಯಲ್ಲಿ ಏನಾಯಿತು, ಮೂತ್ರಕ್ಕೆ ಹೋಗಬೇಕಾಯಿತಾ, ಎಲ್ಲವನ್ನೂ ನಾಚದೆ ಹೇಳಿ.

ಆ ಇಸಿಜಿ ಕಾಗದವನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಳ್ಳಿ. ಅದು ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ. ಭದ್ರವಾಗಿರಲಿ ಅಂತ ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಕಪ್ಪಾಗಿ ಗೆರೆಯೇ ಕಾಣುವುದಿಲ್ಲ. ಮಾಡಿಸದಿದ್ದರೂ ಕೆಲವು ವರ್ಷದಲ್ಲಿ ಮಾಸುತ್ತದೆ. ಅದೇ ದಿನ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಒಂದು ಜೆರಾಕ್ಸ್ ಮಾಡಿಸಿ, ಅದರ ಹಿಂದೆ ತಾರೀಕು, ಗಂಟೆ, ಆಗ ಏನು ಮಾಡುತ್ತಿದ್ದಿರಿ ಅಂತ ಪೆನ್ನಿನಲ್ಲಿ ಬರೆದು ಫೈಲಿಗೆ ಹಾಕಿಡಿ.